ಭರಣಿಗೆ ಮುನ್ನ ಬಂದ ಚಿಟ್ಟೆಗಳು

2022ರ ಮಾರ್ಚ್ ತಿಂಗಳು. ಯುಗಾದಿಗೆ ಇನ್ನೂ ಎರಡು ವಾರವಿತ್ತು. ತುರುವೇಕೆರೆಯಿಂದ ತಿಪಟೂರಿಗೆ ಅಪ್ಪನ ಬೈಕಿನಲ್ಲಿ ಹೋಗುತ್ತಿದ್ದೆ. ಕೊಬ್ಬರಿ ಹರಾಜಿನ ದಿನ, ಅಪ್ಪನಿಗೆ ಅವಸರ. ರಸ್ತೆಗೆ ಅಡ್ಡಲಾಗಿ ತಿಳಿಹಳದಿ ಬಣ್ಣದ ಚಿಟ್ಟೆಗಳು ಒಂದರ ಹಿಂದೊಂದು ಹಾರಿ ಹೋಗುತ್ತಿದ್ದವು. ಹತ್ತಿಪ್ಪತ್ತಲ್ಲ, ನೂರಾರು. ಹೆಲ್ಮೆಟ್ಟಿನ ಗಾಜಿಗೆ ಎರಡು ಬಡಿದವು. ಅಪ್ಪ ಬೈಕು ನಿಧಾನ ಮಾಡಿ, "ಈ ಬಿಸಿಲಲ್ಲಿ ಇವೆಲ್ಲಿಂದ ಬಂದ್ವೋ" ಅಂದರು. ನಾನು ಫೋನು ತೆಗೆದು ನಾಲ್ಕು ಫೋಟೊ ಹೊಡೆದೆ. ಮೂರು ಮಸುಕಾದವು.

ಆ ರಾತ್ರಿ ಒಂದು ಪುಟ ಬರೆದು ಗೆಳೆಯರಿಗೆಲ್ಲ ಕಳಿಸಿದೆ. ಅದರ ಸಾರಾಂಶ ಇಷ್ಟು: ದಕ್ಷಿಣ ಭಾರತದ ಚಿಟ್ಟೆಗಳು ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ವಲಸೆ ಬರುತ್ತವೆ. ಅವು ಬರಬೇಕಾದದ್ದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಈ ವರ್ಷ ಎರಡು ತಿಂಗಳು ಮುಂಚೆ ಬಂದಿವೆ. ಋತುಮಾನ ಕೆಟ್ಟಿದೆ. ಬರೆದದ್ದು ನನಗೇ ಚೆನ್ನಾಗಿದೆ ಅನ್ನಿಸಿತ್ತು. ಒಂದಿಬ್ಬರು ಮೆಚ್ಚಿ ಮುಂದಕ್ಕೂ ಕಳಿಸಿದರು.

ಮಾರನೆಯ ದಿನ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಹಾಸ್ಟೆಲಿನ ಗೆಳತಿ ಫೋನು ಮಾಡಿದಳು. ಅವಳು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು: "ಯಾವ ಚಿಟ್ಟೆ?" ಎರಡನೆಯದು: "ಯಾವುದಕ್ಕಿಂತ ಮುಂಚೆ?"

ಮೊದಲನೆಯದಕ್ಕೆ ಮಸುಕಾಗದ ಆ ಒಂದು ಫೋಟೊ ಉತ್ತರ ಕೊಟ್ಟಿತು. ಘಟ್ಟದಿಂದ ಬಯಲಿಗೆ ದಂಡುಕಟ್ಟಿ ಬರುವವು ಬೇರೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೀರುಗಳಿರುವ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್. ಕಂದುಗಪ್ಪು ಬಣ್ಣದ, ಅಂಚಿಗೆ ಬಿಳಿ ಚುಕ್ಕೆಯ ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ. ಮುಖ್ಯವಾಗಿ ಈ ನಾಲ್ಕು. ನಾನು ಕಂಡದ್ದು ಎಮಿಗ್ರಂಟ್ ಅನ್ನುವ ಹಳದಿ ಜಾತಿ. ಹೆಸರಿನಲ್ಲೇ ವಲಸೆ ಇದೆ, ಅದೂ ಗುಂಪುಕಟ್ಟಿ ಹಾರುತ್ತದೆ. ಆದರೆ ಅದರ ಕತೆಗೂ ಮುಂಗಾರಿಗೆ ಮುನ್ನ ಘಟ್ಟ ಇಳಿಯುವ ಕತೆಗೂ ಸಂಬಂಧವಿಲ್ಲ. ಅದರ ಮರಿಹುಳು ತಿನ್ನುವುದು ಕಕ್ಕೆಮರದ ಎಲೆ, ಸೀಮೆ ತಂಗಡಿ ಎಲೆ. ಸೀಮೆ ತಂಗಡಿ ಆಗ್ನೇಯ ಏಷ್ಯಾದ ಮರ. ನಮ್ಮಲ್ಲಿ ರಸ್ತೆ ಬದಿಗೆ, ಶಾಲೆಯ ಕಾಂಪೌಂಡಿಗೆ ನೆರಳಿಗೆಂದು ನೆಟ್ಟದ್ದು. ಬಿಸಿಲುಗಾಲದಲ್ಲೂ ಹಸಿರಾಗಿರುತ್ತದೆ. ನಾನು ಋತುಮಾನ ಕೆಟ್ಟಿದೆ ಎಂದು ಬರೆದ ಜಾಗದಿಂದ ಅರ್ಧ ಕಿಲೋಮೀಟರಿನಲ್ಲೇ ಆ ಮರಗಳ ಸಾಲಿದೆ. ಮುಂದೆ ಕಳಿಸಿದವರಿಗೆಲ್ಲ ತಿದ್ದುಪಡಿ ಕಳಿಸಿದೆ. ಅದನ್ನು ಯಾರೂ ಮುಂದೆ ಕಳಿಸಲಿಲ್ಲ.

ಎರಡನೆಯ ಪ್ರಶ್ನೆ ಮಾತ್ರ ಬಿಡಲಿಲ್ಲ. ಅದು ಪ್ರಾಣಿಶಾಸ್ತ್ರದ ಪ್ರಶ್ನೆಯಲ್ಲ, ಚರಿತ್ರೆಯದು. ಅಕಾಲ ಎನ್ನಬೇಕಾದರೆ ಮೊದಲು ಕಾಲ ಯಾವುದು ಎಂದು ಯಾರಾದರೂ ಬರೆದಿಟ್ಟಿರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಚಿಟ್ಟೆಯ ಕಾಲವನ್ನು ಬರೆದಿಟ್ಟವರು ಯಾರು? ನನ್ನ ಪಿಎಚ್‌.ಡಿ. ವಿಷಯ ಇದೇ ಸೀಮೆಯ ತೆಂಗಿನ ತೋಟಗಳ ಕಂದಾಯದ ಇತಿಹಾಸ. ಹೇಗೂ ಹಳೆಯ ಕಾಗದ ತಿರುವುತ್ತೇನಲ್ಲ, ಹುಳು ಹುಪ್ಪಟೆಯ ಮೇಲೂ ಕಣ್ಣಿಟ್ಟರೆ ಆಯಿತು ಅಂದುಕೊಂಡೆ.

ಈ ಸೀಮೆಯ ಹೊಲ ತೋಟಗಳನ್ನು ಕಣ್ಣಾರೆ ನೋಡಿ ಬರೆದ ಹಳೆಯ ಪರದೇಶಿಯರಲ್ಲಿ ಮೊದಲ ಹೆಸರು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಮಡಿದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನಿದೆ ಏನಿಲ್ಲ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ವೈದ್ಯ, ಸಸ್ಯಶಾಸ್ತ್ರಜ್ಞ. 1800ರಲ್ಲಿ ಶಿರಾ ಕಡೆಯಿಂದ ಇಳಿದು ಚಿಕ್ಕನಾಯಕನಹಳ್ಳಿ, ತುರುವೇಕೆರೆ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದ. ಮಣ್ಣು, ತೋಟ, ಕೆರೆ, ಸಂತೆ, ನೇಯ್ಗೆ, ಯಾವ ಕುಲದವರು ಏನು ಉಣ್ಣುತ್ತಾರೆ, ಎಲ್ಲ ಕೇಳಿ ಬರೆದುಕೊಂಡ. ಆದರೆ ಅವನು ಇಲ್ಲಿ ಹಾದುಹೋದದ್ದು ಮಳೆಗಾಲದಲ್ಲಿ. ನಮ್ಮ ಚೈತ್ರ ವೈಶಾಖವನ್ನು ಅವನು ಇಲ್ಲಿ ಕಾಣಲಿಲ್ಲ. ಚರಿತ್ರೆಯ ಆಕರಗಳಿಗೂ ಋತುವಿದೆ ಎನ್ನುವುದು ನನಗೆ ಹೊಳೆದದ್ದು ಆಗ. ಹಳೆಯ ಪ್ರಯಾಣಿಕನೊಬ್ಬನ ಬರಹವನ್ನು ಒಂದು ಊರಿನ ಚಿತ್ರ ಎಂದು ಓದುತ್ತೇವೆ. ಅದು ಆ ಊರಿನ ಒಂದು ತಿಂಗಳ ಚಿತ್ರ ಮಾತ್ರ.

ಚಿಟ್ಟೆಗಳನ್ನೇ ಹುಡುಕಿ ಬಂದವರು ನಂತರದವರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ. ಅದರ ಪತ್ರಿಕೆಯಲ್ಲಿ 1890ರಲ್ಲಿ ಇ. ವೈ. ವಾಟ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಚಿಟ್ಟೆಗಳ ಪ್ರಾಥಮಿಕ ಪಟ್ಟಿಯೊಂದನ್ನು ಪ್ರಕಟಿಸಿದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಾರವಾರದಲ್ಲಿ ಮೂವರು ಸೇರಿಕೊಂಡಿದ್ದರು: ಕಲೆಕ್ಟರ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಉಪ್ಪು ಮತ್ತು ಸುಂಕದ ಇಲಾಖೆಯ ಏಟ್ಕನ್. ಏಟ್ಕನ್ 'ಈಹಾ' ಎಂಬ ಸಹಿಯಲ್ಲಿ ಹಾಸ್ಯದ ಪ್ರಬಂಧಗಳನ್ನೂ ಬರೆಯುತ್ತಿದ್ದ. ಈ ಮೂವರು ಬಲೆ ಬೀಸಿ ಗುಂಡುಸೂಜಿ ಚುಚ್ಚುವಷ್ಟಕ್ಕೆ ನಿಲ್ಲಲಿಲ್ಲ. ಮೊಟ್ಟೆ ತಂದು, ಹುಳು ಸಾಕಿ, ಅದು ಯಾವ ಎಲೆ ತಿನ್ನುತ್ತದೆ, ಯಾವ ತಿಂಗಳು ಗೂಡು ಕಟ್ಟುತ್ತದೆ ಎಂದು ಬರೆದರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಅವರ ಬರಹ 1896ರಿಂದ ಬರತೊಡಗಿತು. ಬೆಲ್ ನಿವೃತ್ತನಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ತೀರಿಕೊಂಡ. ಇವತ್ತಿಗೂ ಭಾರತದ ಚಿಟ್ಟೆಗಳ ಮರಿಹುಳುಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಕಾರವಾರದ ಆ ವರಾಂಡಾದ್ದು.

ಕಾರವಾರಕ್ಕೆ ಅಂಥ ಅದೃಷ್ಟ. ಅಲ್ಲಿ ಕಾಡಿತ್ತು, ಸಮುದ್ರವಿತ್ತು, ಬೇಸರ ಕಳೆಯಬೇಕಾದ ಅಧಿಕಾರಿಗಳಿದ್ದರು. ತುರುವೇಕೆರೆಗೆ ಅಮಲ್ದಾರರು ಬರುತ್ತಿದ್ದರು, ಜಮಾಬಂದಿ ಮುಗಿಸಿ ಹೋಗುತ್ತಿದ್ದರು.

ಮೈಸೂರು ಸರ್ಕಾರ ಕೀಟಗಳನ್ನು ಗಮನಿಸಲಿಲ್ಲ ಎಂದಲ್ಲ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ಕರೆಸಿಕೊಂಡಿತು. ಅವರ ಜೊತೆ ಕೆ. ಕುಂಞಿಕಣ್ಣನ್ ಕೆಲಸ ಮಾಡಿದರು. ಜೋಳದ ಮಿಡತೆ, ಅಡಿಕೆಯ ಕೊಳೆರೋಗ, ಎಲ್ಲದರ ಬಗ್ಗೆ ಇಲಾಖೆಯ ಪುಸ್ತಿಕೆಗಳು ಬಂದವು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಸರ್ಕಾರದ ಕಣ್ಣಿಗೆ ಕೀಟ ಬೀಳಬೇಕಾದರೆ ಅದು ಬೆಳೆ ತಿನ್ನಬೇಕು. ನಾನು ನೋಡುವ ಕಂದಾಯದ ಕಾಗದಗಳಲ್ಲೂ ಅಷ್ಟೇ, ಹುಳ ಬರುವುದು ರಿಯಾಯಿತಿ ಕೇಳುವ ಅರ್ಜಿಯಲ್ಲಿ. ಯಾರ ಬೆಳೆಯನ್ನೂ ತಿನ್ನದೆ ಊರ ಮೇಲೆ ಹಾರಿ ಹೋದ ಚಿಟ್ಟೆಗೆ ಅರ್ಜಿಯೂ ಇಲ್ಲ, ಹುಕುಮೂ ಇಲ್ಲ.

ಸಾಹಿತ್ಯದ ಕಡೆ ತಿರುಗಿದರೆ? ಓದುಗರಲ್ಲಿ ಕನ್ನಡ ಎಂ.ಎ. ಮಾಡುತ್ತಿರುವವರಿದ್ದರೆ ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಓದಿದ ಮಟ್ಟಿಗೆ ನಮ್ಮ ಹಳೆಯ ಕಾವ್ಯದ ವಸಂತದಲ್ಲಿ ಮಾವು ಚಿಗುರುತ್ತದೆ, ಮಲ್ಲಿಗೆ ಅರಳುತ್ತದೆ, ಕೋಗಿಲೆ ಕೂಗುತ್ತದೆ, ದುಂಬಿ ಮೊರೆಯುತ್ತದೆ. ಬನವಾಸಿಯಲ್ಲಿ ಮತ್ತೆ ಹುಟ್ಟುವ ಆಸೆಪಟ್ಟ ಪಂಪನೂ ದುಂಬಿಯನ್ನೋ ಕೋಗಿಲೆಯನ್ನೋ ನೆನೆದನೇ ಹೊರತು ಚಿಟ್ಟೆಯನ್ನಲ್ಲ. ಪಾತರಗಿತ್ತಿ ನಮ್ಮ ಕವಿತೆಯ ನಡುಮನೆಗೆ ಬರಲು ಬೇಂದ್ರೆಯವರೇ ಬೇಕಾಯಿತು. ಅವರ ಪಾತರಗಿತ್ತಿಗೂ ತಿಂಗಳು ತಾರೀಖಿಲ್ಲ, ಇರಬೇಕಾಗಿಯೂ ಇಲ್ಲ.

ಹಳೆಯ ಕವಿಗಳು ಚಿಟ್ಟೆಯನ್ನು ಬಿಟ್ಟದ್ದು ಮರೆವಿನಿಂದ ಆಗಿರಲಾರದು. ವಸಂತದ ಜೊತೆ ಚಿಟ್ಟೆಯನ್ನು ಕಟ್ಟಿಹಾಕಿದ್ದು ನಮ್ಮ ಇಂಗ್ಲಿಷ್ ಪಠ್ಯಪುಸ್ತಕ. ಅಲ್ಲಿನ ವಸಂತ ಹಿಮ ಕರಗುವ ಕಾಲ, ಆರು ತಿಂಗಳು ಮುದುಡಿದ್ದ ಹುಳು ಹೊರಬರುವ ಕಾಲ. ಅಲ್ಲಿ ಮೊದಲ ಚಿಟ್ಟೆ ಕಂಡ ದಿನಕ್ಕೆ ಅರ್ಥವಿದೆ. ನಾರ್ಫೋಕಿನ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ತಾರೀಖು ಸಮೇತ ಬರೆಯಲು ಶುರುಮಾಡಿದ. ಅವನ ಮನೆತನದವರು ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಸಿದರು. 1976ರಿಂದ ಬ್ರಿಟನ್ನಿನಲ್ಲಿ ಸ್ವಯಂಸೇವಕರು ಗೊತ್ತಾದ ದಾರಿಯಲ್ಲಿ ವಾರವಾರ ನಡೆದು ಚಿಟ್ಟೆ ಎಣಿಸುತ್ತಿದ್ದಾರೆ. ಆ ಎಣಿಕೆ ಇಟ್ಟುಕೊಂಡು ರಾಯ್ ಮತ್ತು ಸ್ಪಾರ್ಕ್ಸ್ ಎಂಬ ವಿಜ್ಞಾನಿಗಳು 2000ದಲ್ಲಿ ಹೇಳಿದರು: ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಲಿನ ಬಹುಪಾಲು ಚಿಟ್ಟೆಗಳು 2ರಿಂದ 10 ದಿನ ಮುಂಚೆ ಕಾಣಿಸಿಕೊಳ್ಳಬಹುದು. ನಾನು ಒಂದು ಬೈಕು ಸವಾರಿಯಲ್ಲಿ ಎರಡು ತಿಂಗಳು ಅಂದಿದ್ದೆ.

ನಮ್ಮ ಚೈತ್ರ ಹಾಗಲ್ಲ. ಹೊಂಗೆ ಚಿಗುರಿ ಹೂ ಉದುರಿಸುತ್ತದೆ, ಮಿಕ್ಕಿದ್ದೆಲ್ಲ ಬಿಸಿಲು. ನಮ್ಮಲ್ಲಿ ಚಿಟ್ಟೆಯ ಸುಗ್ಗಿ ಮಳೆ ಬಿದ್ದ ಮೇಲೆ, ಮುಖ್ಯವಾಗಿ ಭಾದ್ರಪದದಿಂದ ಕಾರ್ತಿಕದ ತನಕ. ಇಲ್ಲಿ ಚಿಟ್ಟೆಯ ಗಡಿಯಾರ ಉಷ್ಣತೆಯೊಂದರಿಂದಲೇ ನಡೆಯುವುದಿಲ್ಲ. ಮಳೆ ಅದಕ್ಕೆ ಕೀಲಿ ಕೊಡುತ್ತದೆ. ಆದ್ದರಿಂದ ಬ್ರಿಟನ್ನಿನ ಲೆಕ್ಕವನ್ನು ಇಲ್ಲಿಗೆ ತಂದು ಅಂಟಿಸಲು ಬರುವುದಿಲ್ಲ.

ಇಷ್ಟಾದರೂ ಚಿಟ್ಟೆಯ ಮೈಮೇಲೇ ಒಂದು ಪಂಚಾಂಗವಿದೆ. ಇದನ್ನು ತಿಳಿದದ್ದು ನನಗೆ ಈ ಇಡೀ ಹುಡುಕಾಟದಲ್ಲಿ ಸಿಕ್ಕ ದೊಡ್ಡ ಖುಷಿ. ಲಿನೇಯಸ್ 1758ರಲ್ಲಿ ಎರಡು ಚಿಟ್ಟೆಗಳಿಗೆ ಎರಡು ಹೆಸರಿಟ್ಟ: ಆಲ್ಮಾನ, ಆಸ್ಟೀರಿ. ಎರಡೂ ಕಿತ್ತಳೆ ಬಣ್ಣದವು, ನವಿಲುಗರಿಯ ಕಣ್ಣಿನಂಥ ಚುಕ್ಕೆಯವು. ಆಸ್ಟೀರಿಯ ರೆಕ್ಕೆಯ ಅಡಿಯಲ್ಲೂ ಕಣ್ಣುಗಳಿವೆ, ಅಂಚು ದುಂಡು. ಆಲ್ಮಾನದ ಅಡಿ ಒಣಗಿದ ಎಲೆಯ ಹಾಗೆ, ಅಂಚಿಗೆ ಮೂಲೆ, ತೊಟ್ಟು. ನೂರಕ್ಕೂ ಹೆಚ್ಚು ವರ್ಷ ಇವು ಎರಡು ಜಾತಿ ಎಂದೇ ಪೆಟ್ಟಿಗೆಯ ಎರಡು ಸಾಲಿನಲ್ಲಿ ಕೂತಿದ್ದವು. 1880ರ ದಶಕದಲ್ಲಿ ಕಲ್ಕತ್ತೆಯಲ್ಲಿ ಲಯೊನೆಲ್ ಡಿ ನಿಸೆವಿಲ್ ಎಂಬ ಸರ್ಕಾರಿ ಕಚೇರಿಯ ನೌಕರ ಇಂಥ ಚಿಟ್ಟೆಗಳ ಹುಳುಗಳನ್ನು ಮನೆಯಲ್ಲಿ ಸಾಕಿ ನೋಡಿದ. ಜಾತಿ ಒಂದೇ, ಮಳೆಗಾಲದಲ್ಲಿ ಬೆಳೆದ ಹುಳು ಕಣ್ಣಿನ ರೆಕ್ಕೆ ತೊಡುತ್ತದೆ, ಬೇಸಗೆಯ ಹುಳು ಒಣ ಎಲೆಯ ರೆಕ್ಕೆ ತೊಡುತ್ತದೆ. ಇವತ್ತು ಅದಕ್ಕೆ ಪೀಕಾಕ್ ಪ್ಯಾನ್ಸಿ ಎಂದು ಹೆಸರು. ನಮ್ಮ ಕೆರೆ ಏರಿಯ ಕೆಳಗೆ, ಜೌಗಿನಲ್ಲಿ ಧಾರಾಳವಾಗಿ ಸಿಗುತ್ತದೆ.

ಅಂದರೆ ಯಾವ ತಿಂಗಳಲ್ಲಿ ಯಾವ ರೆಕ್ಕೆ ಹಾರುತ್ತಿದೆ ಎಂದು ನೋಡಿದರೆ ಆ ಚಿಟ್ಟೆ ಹುಳುವಾಗಿದ್ದಾಗ ಎಂಥ ಹವೆಯಿತ್ತು ಎಂದು ಊಹಿಸಬಹುದು. 2022ರ ಮಾರ್ಚಿನಲ್ಲಿ ನಮ್ಮೂರ ಕೆರೆಯ ಕೋಡಿಯ ಬಳಿ ಕಣ್ಣಿನ ರೆಕ್ಕೆಯವು ಹಾರುತ್ತಿದ್ದವು. ಹಿಂದಿನ ನವೆಂಬರಿನ ಭಾರಿ ಮಳೆಗೆ ಕೋಡಿಬಿದ್ದ ಕೆರೆಯಲ್ಲಿ ಇನ್ನೂ ನೀರು ಗಟ್ಟಿಯಾಗಿ ನಿಂತಿತ್ತು. 2024ರ ಮಾರ್ಚಿನಲ್ಲಿ ಅದೇ ಜಾಗಕ್ಕೆ ನಾಲ್ಕು ಸಲ ಹೋದೆ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸಿಕ್ಕಿದ್ದು ಎರಡೇ ಪ್ಯಾನ್ಸಿ, ಎರಡೂ ಒಣ ಎಲೆ. ಎರಡು ವರ್ಷದ ನೋಟದಿಂದ ಏನನ್ನೂ ಸಾಧಿಸಲಾಗದು ಎಂದು ಗೆಳತಿ ಎಚ್ಚರಿಸಿದ್ದಾಳೆ. ಒಪ್ಪಿದ್ದೇನೆ. ಬರೆದಂತೂ ಇಟ್ಟಿದ್ದೇನೆ, ಈ ಸಲ ತಾರೀಖು, ಜಾಗ, ಫೋಟೊ ಸಮೇತ. ಇದಕ್ಕೂ ಒಂದು ತೊಡಕಿದೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ, ನಾಲೆ ಬಂದ ಕಡೆ ಕೆರೆ ತುಂಬುವುದಕ್ಕೂ ಊರಿನ ಮಳೆಗೂ ಇದ್ದ ನಂಟು ಸಡಿಲವಾಯಿತು. ಘಟ್ಟದಲ್ಲಿ ಸುರಿದ ಮಳೆ ನಾಲೆಯಲ್ಲಿ ನಡೆದು ಬಂದು ಮಳೆಯಿಲ್ಲದ ಊರಿನ ಜೌಗನ್ನು ನೆನೆಸುತ್ತದೆ. ಚಿಟ್ಟೆ ಯಾವ ಊರಿನ ಮಳೆಯನ್ನು ರೆಕ್ಕೆಯ ಮೇಲೆ ಬರೆದುಕೊಳ್ಳಬೇಕು?

ಈಗ ಘಟ್ಟದ ಚಿಟ್ಟೆಗಳ ವಿಷಯ. ನಾನು ಬರೆದ ತಪ್ಪು ಪುಟವನ್ನು ಬೇಸಗೆ ರಜೆಯಲ್ಲಿ ಅಜ್ಜಿಗೆ ಓದಿ ಹೇಳಿದ್ದೆ. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಪೂರ್ತಿ ಕೇಳಿ ಹೇಳಿದರು: "ಅಳದಿವು ಮಳೆ ತರಲ್ಲ ಕಣವ್ವ. ಮಳೆ ತರವು ಕರೇವು. ಪಡುವಲಿಂದ ಬತ್ತವೆ, ಮೂಡ್ಲಾಗ್ ಹೋಯ್ತವೆ. ಭರಣಿ ಹುಟ್ಟೋ ಹೊತ್ಗೆ."

ಕರಿಯವು, ಪಶ್ಚಿಮದಿಂದ ಪೂರ್ವಕ್ಕೆ, ಭರಣಿಯ ಹೊತ್ತಿಗೆ. ಜಾತಿ, ದಿಕ್ಕು, ಕಾಲ, ಮೂರೂ ಒಂದೇ ಉಸಿರಿನಲ್ಲಿ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಕೃಷ್ಣಮೇಘ ಕುಂಟೆ 2005ರಲ್ಲಿ ಬಾಂಬೆ ಸೊಸೈಟಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಈ ವಲಸೆಯ ಬಗ್ಗೆ ಬರೆದಿದ್ದಾರೆ. ಅದಕ್ಕೂ ಮುಂಚೆ 1978ರಲ್ಲಿ ಡೆನ್ಮಾರ್ಕಿನ ಟಾರ್ಬೆನ್ ಲಾರ್ಸೆನ್ ನೀಲಗಿರಿಯ ಚಿಟ್ಟೆ ವಲಸೆಯ ಬಗ್ಗೆ ಬರೆದಿದ್ದರು. ಮುಂಗಾರಿನ ಹೊಡೆತ ಬೀಳುವ ಮೊದಲು ಘಟ್ಟ ಬಿಟ್ಟು ಪೂರ್ವದ ಬಯಲು, ಗುಡ್ಡಗಳಿಗೆ ಹೋಗುವುದು. ಅವುಗಳ ಸಂತಾನ ಅಕ್ಟೋಬರ್ ನವೆಂಬರಿನಲ್ಲಿ ಹಿಂದಿರುಗುವುದು. ಹಾಸನಕ್ಕೂ ತುಮಕೂರಿಗೂ ನಡುವೆ ಇರುವ ನಮ್ಮ ತೋಟಗಳು ಆ ದಾರಿಗೆ ಅಡ್ಡ ಬೀಳುತ್ತವೆ. ಅಜ್ಜಿ ಘಟ್ಟ ನೋಡಿಲ್ಲ. ಧರ್ಮಸ್ಥಳಕ್ಕೆ ಒಮ್ಮೆ ಹೋಗಿದ್ದರು, ಬಸ್ಸಿನಲ್ಲಿ ವಾಂತಿಯಾಗಿ ದಾರಿಯುದ್ದಕ್ಕೂ ಕಣ್ಣುಮುಚ್ಚಿದ್ದರಂತೆ.

ಚಿಟ್ಟೆ ಮಳೆ ತರುತ್ತದೆ ಎನ್ನುವುದು ಕಾರಣವನ್ನು ತಿರುವುಮುರುವು ಮಾಡಿದ ಹಾಗೆ ಕೇಳಿಸಬಹುದು. ಕೃಷಿಕಳಿಗೆ ಬೇಕಾದದ್ದು ಕಾರಣವಲ್ಲ, ಕ್ರಮ. ಕರಿಚಿಟ್ಟೆ ಮೊದಲು, ಮಳೆ ಆಮೇಲೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆಯ ನಾಡಿನಲ್ಲಿ ಆ ಕ್ರಮ ಗೊತ್ತಿದ್ದರೆ ನೇಗಿಲು ಕಟ್ಟುವ ದಿನ ಗೊತ್ತಾಗುತ್ತದೆ.

ಇದನ್ನು ಪ್ರಬಂಧದ ಒಂದು ಅಧ್ಯಾಯದಲ್ಲಿ ಸೇರಿಸುತ್ತೇನೆ ಎಂದಾಗ ಮಾರ್ಗದರ್ಶಕರು ತಲೆಯಾಡಿಸಿದರು. ಅವರ ಆಕ್ಷೇಪ ನ್ಯಾಯವಾದದ್ದೇ: ಒಬ್ಬ ಅಜ್ಜಿಯ ನೆನಪು, ಅದೂ ಸ್ವಂತ ಅಜ್ಜಿ. ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಪ್ರತಿವರ್ಷ ಬಂದವೋ, ಬಂದ ವರ್ಷ ಮಾತ್ರ ನೆನಪಿದೆಯೋ? ಅಜ್ಜಿಯನ್ನು ಮತ್ತೆ ಕೇಳಿದೆ. "ಬರದೇ ಇದ್ದ ವರ್ಷಾನ ಯಾರ್ ನೆನಪಿಟ್ಕೋತಾರೆ?" ಅಂದರು. ಮಾರ್ಗದರ್ಶಕರ ಆಕ್ಷೇಪವನ್ನು ಅಜ್ಜಿಯೇ ಎತ್ತಿಹಿಡಿದ ಹಾಗಾಯಿತು.

ಮಳೆನಕ್ಷತ್ರದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಭರಣಿ ಈಗ ಏಪ್ರಿಲ್ 27ರ ಆಸುಪಾಸಿಗೆ ಹುಟ್ಟಿ ಎರಡು ವಾರ ಇರುತ್ತದೆ. ನಮ್ಮ ಪಂಚಾಂಗದ ಸೌರವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ಚಿಲ್ಲರೆ ನಿಮಿಷ ಉದ್ದ. ಅರವತ್ತು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಭರಣಿ ಋತುವಿನಿಂದ ಹಿಂದೆ ಸರಿಯುತ್ತ ಬರುತ್ತದೆ. ಬುಕಾನನ್ ಬಂದ ವರ್ಷದ ಭರಣಿಗೂ ಇಂದಿನದಕ್ಕೂ ಸುಮಾರು ಮೂರು ದಿನದ ವ್ಯತ್ಯಾಸ. ಚಿಟ್ಟೆ ಭರಣಿಗಿಂತ ಮೂರು ದಿನ ಮುಂಚೆ ಬಂತು ಎಂದರೆ ಸರಿದದ್ದು ಚಿಟ್ಟೆಯೋ ಭರಣಿಯೋ ಎಂದೂ ನೋಡಬೇಕು. ಇಂಗ್ಲೆಂಡಿನವರು ಎರಡು ದಿನ, ಹತ್ತು ದಿನ ಎಂದು ಲೆಕ್ಕ ಹಾಕುವಾಗ ನಾವು ಮೂರು ದಿನವನ್ನು ಬಿಟ್ಟುಬಿಡುವಂತಿಲ್ಲ.

ಮಧ್ಯೆ ತೋಟವೇ ಬದಲಾಗಿದೆ. ಕಂದಾಯದ ಪುಸ್ತಕದಲ್ಲಿ ಭೂಮಿ ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆ. ಉಳಿದದ್ದು ಖರಾಬು. ಖರಾಬಿಗೆ ಕಂದಾಯವಿಲ್ಲ, ಲೆಕ್ಕದಲ್ಲಿ ಸೊನ್ನೆ. ಆದರೆ ಚಿಟ್ಟೆಯ ಹುಳುವಿಗೆ ಬೇಕಾದ ಎಕ್ಕ, ಸೊಗದೆ ಬಳ್ಳಿ, ಈಶ್ವರಿ ಬಳ್ಳಿ, ಅತ್ತಿ ಎಲ್ಲ ಇದ್ದದ್ದು ಆ ಸೊನ್ನೆಯಲ್ಲೇ: ಹಳ್ಳದ ಅಂಚು, ಬೇಲಿ ಸಾಲು, ಗೋಮಾಳ, ಅಮೃತಮಹಲ್ ಕಾವಲು, ಮದಲಿಂಗನ ಕಣಿವೆಯ ಕಡೆಯ ಗುಡ್ಡಗಳು. ನನ್ನ ಪ್ರಬಂಧದ ವಾದವೇ ಬಾಗಾಯ್ತು ಹೇಗೆ ಹಿಗ್ಗಿತು ಎಂಬುದು. ಅದು ಹಿಗ್ಗಿದ್ದು ಏನನ್ನು ತಿಂದು ಎಂದು ನಾನು ಅಲ್ಲಿಯ ತನಕ ಕೇಳಿಕೊಂಡಿರಲಿಲ್ಲ. ನಮ್ಮದೇ ತೋಟದ ಸುತ್ತ ಕತ್ತಾಳೆ, ಲಕ್ಕಿ, ಸೀಗೆಯ ಬೇಲಿಯಿತ್ತು. ಈಗ ಕಲ್ಲುಕಂಬ, ತಂತಿ. ಒಂದು ಗಜ ಜಾಗ ಉಳಿಯಿತು, ಎರಡು ಸಾಲು ಅಡಿಕೆ ಬಂತು.

ತೆಂಗನ್ನೇ ತಿನ್ನುವ ಚಿಟ್ಟೆಗಳೂ ಇವೆ, ಗರಿಯನ್ನು ಸುರುಳಿ ಸುತ್ತಿ ಒಳಗೆ ಕೂರುವ ಜೈಂಟ್ ರೆಡ್‌ಐ, ಪಾಮ್‌ಫ್ಲೈ. ಅವುಗಳಿಂದ ತೋಟ ಹಾಳಾಗುವುದಿಲ್ಲ. ತೋಟ ಹಾಳುಮಾಡುವ ಕಪ್ಪುತಲೆ ಹುಳು ಚಿಟ್ಟೆಯದಲ್ಲ, ಒಂದು ಬೂದು ಪತಂಗದ್ದು. ಗರಿಯ ಅಡಿಯಲ್ಲಿ ಹಿಕ್ಕೆಯ ಗೂಡು ಮಾಡಿ ಹಸಿರು ಕೆರೆಯುತ್ತದೆ. ಬೇಸಗೆಯಲ್ಲಿ ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗುಲಿದಂತೆ ಕಾಣುತ್ತದೆ. ಅದಕ್ಕೆ ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿ ಕಣಜವನ್ನು ಬಿಡುತ್ತಾರೆ. ಆದರೆ ರೆಕ್ಕೆಯಿದ್ದದ್ದೆಲ್ಲ ಕಪ್ಪುತಲೆಯ ತಾಯಿ ಎಂದು ಹೆದರುವವರನ್ನು ನಾನು ಕಂಡಿದ್ದೇನೆ. ನಾನು ಚಿಕ್ಕವಳಿದ್ದಾಗ ನುಸಿ ಪೀಡೆ ಬಂದಿತ್ತು. ಅಪ್ಪ ಪ್ರತಿ ಮರದ ಬುಡ ಅಗೆದು, ಎಳೆ ಬೇರು ಹುಡುಕಿ, ಔಷಧಿಯ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದರು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಕಾಯಿ ಸಣ್ಣದಾಗಿ, ಸಿಪ್ಪೆ ಸೀಳಿ, ಮಾರುಕಟ್ಟೆಯಲ್ಲಿ ಕೇಳುವವರಿರಲಿಲ್ಲ. ಆ ವರ್ಷಗಳಲ್ಲಿ ಚಿಟ್ಟೆ ಬಂತೇ ಎಂದು ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಾನು ತಲೆ ಎತ್ತಿ ನೋಡಿದ್ದು ಕಾಯಿ ಕಡೆಗೆ ಮಾತ್ರ" ಅಂದರು.

ಅಪ್ಪನಿಂದ ಒಂದು ಉಪಕಾರವೂ ಆಗಿದೆ, ಅವರಿಗೇ ತಿಳಿಯದ ಹಾಗೆ. ಮುಂಗಾರಿನ ಮೊದಲ ಹದಕ್ಕೆ ತೋಟದೊಳಗೆ ಅಪ್ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಉತ್ತು ಗೊಬ್ಬರ ಮಾಡುವುದು ನಮ್ಮಲ್ಲಿ ರೂಢಿ. ಅಪ್ಸೆಣಬು ಗಿಲಿಗಿಚ್ಚಿ ಗಿಡದ ಕುಲ. ಆ ಕುಲದ ಗಿಡಗಳಲ್ಲಿ ಒಂದು ಬಗೆಯ ಕ್ಷಾರವಿದೆ. ನೀಲಿ ಗೀರಿನ, ಕಂದುಗಪ್ಪಿನ ಗಂಡು ಚಿಟ್ಟೆಗಳು ಅದನ್ನು ಹೀರಿಕೊಂಡು ಹೆಣ್ಣನ್ನು ಸೆಳೆಯುವ ಗಂಧ ಮಾಡಿಕೊಳ್ಳುತ್ತವೆ. ಚೇಳುಕೊಂಡಿ ಗಿಡಕ್ಕೆ ಮುತ್ತುವುದೂ ಅದಕ್ಕೇ. ಹಾಗಾಗಿ ಅಪ್ಸೆಣಬು ಇರುವ ತೋಟ ಅವುಗಳಿಗೆ ಔಷಧಿ ಅಂಗಡಿ. 2023ರ ಜೂನಿನಲ್ಲಿ ನಮ್ಮ ಪಕ್ಕದ ತೋಟದಲ್ಲಿ, ಬೋರ್‌ವೆಲ್ ನೀರಿಗೆ ಮೊದಲೇ ಬೆಳೆದಿದ್ದ ಒಂದು ಪಟ್ಟೆಯಲ್ಲಿ, ಕೊನೆಗೂ ಅವನ್ನು ಕಂಡೆ. ಒಂದೊಂದು ಕಡ್ಡಿಗೆ ಏಳೆಂಟು ನೇತಾಡುತ್ತಿದ್ದವು. ಅಲುಗಿಸಿದರೂ ಏಳಲಿಲ್ಲ.

ಕಳೆದ ವರ್ಷ ಅಟ್ಟದ ಮೇಲೆ ಉಂಡೆ ಕೊಬ್ಬರಿ ಕೆಳಗಿಳಿಸುವಾಗ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಅಪ್ಪನ ಲೆಕ್ಕದ ಪುಸ್ತಕಗಳು, 1991ರಿಂದ. ಕಾಯಿ ಕೆಡವಿದ ತಾರೀಖು, ಎಷ್ಟು ಕಾಯಿ, ಅಟ್ಟಕ್ಕೆ ಏರಿದ್ದೆಷ್ಟು, ಸುಲಿಯುವವರ ಕೂಲಿ, ಹರಾಜಿನ ದರ. ನಡುನಡುವೆ ಬೇರೆ ಶಾಯಿಯಲ್ಲಿ: ಭರಣಿ ಹದ ಆಯ್ತು. ಕೃತ್ತಿಕೆ ಇಲ್ಲ. ಅಪ್ಸೆಣಬು ಚೆಲ್ಲಿದ್ದು. ಅಪ್ಸೆಣಬು ಉತ್ತಿದ್ದು. ತಾರೀಖಿನ ಸಮೇತ, ಮೂವತ್ತು ವರ್ಷದ್ದು, ನಡುವೆ ಎರಡು ಪುಸ್ತಕ ಇಲಿ ಕಡಿದಿವೆ. ಚಿಟ್ಟೆ ಎಂಬ ಪದ ಎಲ್ಲೂ ಇಲ್ಲ. ಆದರೆ ಚಿಟ್ಟೆ ಇಳಿಯುವ ಗಿಡ ಯಾವ ವರ್ಷ ಯಾವ ದಿನ ನೆಲದ ಮೇಲಿತ್ತು ಎಂಬುದಿದೆ. ಯಾವ ವರ್ಷ ಚೆಲ್ಲಲೇ ಇಲ್ಲ ಎಂಬುದೂ ಇದೆ. ಬರದೇ ಇದ್ದದ್ದನ್ನೂ ನೆನಪಿಟ್ಟುಕೊಂಡ ಒಂದು ಪುಸ್ತಕ.

ಮಾರ್ಗದರ್ಶಕರಿಗೆ ಫೋಟೊ ಕಳಿಸಿದೆ. "ಇಂಥವು ಎಷ್ಟು ಮನೆಗಳಲ್ಲಿ ಸಿಗಬಹುದು?" ಎಂದು ಕೇಳಿದರು. ಅಂದಿನಿಂದ ವಾರಕ್ಕೆರಡು ದಿನ ಮೂರು ತಾಲ್ಲೂಕಿನ ಅಟ್ಟಗಳನ್ನು ಹತ್ತುತ್ತಿದ್ದೇನೆ. ಇಲ್ಲಿಯ ತನಕ ಹನ್ನೊಂದು ಮನೆ. ನಾಲ್ಕು ಕಡೆ ಲೆಕ್ಕದ ಪುಸ್ತಕ ಸಿಕ್ಕಿವೆ, ಒಂದು ಕಡೆ ಹಳೆಯದೆಂದು ಒಲೆಗೆ ಹಾಕಿ ಆಗಿತ್ತು. ಅಪ್ಪ ತಮ್ಮ ಹೊಸ ಪುಸ್ತಕದಲ್ಲಿ ನನಗೊಂದು ಕಲಮು ಬಿಟ್ಟಿದ್ದಾರೆ, ತಲೆಯ ಮೇಲೆ 'ಕರೇವು' ಎಂದು ಅವರೇ ಬರೆದಿದ್ದಾರೆ. ಈ ಭರಣಿಗೆ ಅದರಲ್ಲಿ ಮೂರು ತಾರೀಖು ತುಂಬಿವೆ, ಎರಡು ನನ್ನ ಕೈಬರಹದಲ್ಲಿ, ಒಂದು ಅಪ್ಪನದರಲ್ಲಿ.